ಆಚೆಮನೆಯವರ ಜೊತೆ ಮಾತು ಬಿಟ್ಟವರಿಗೆ: ದಣಪೆಯ ಹತ್ತಿರ ಹೋಗುವ ಮೊದಲು, ಹೋದ ಮೇಲೆ

ನಮ್ಮ ಕರಾವಳಿಯಲ್ಲಿ ನೆರೆಹೊರೆಯ ಜಗಳ ಹೆಚ್ಚಾಗಿ ಮಳೆಯ ಜೊತೆಗೇ ಇಳಿಯುತ್ತದೆ. ಅವರ ಮಾಡಿನ ನೀರು ನಮ್ಮ ಅಂಗಳಕ್ಕೆ ಬೀಳುತ್ತದೆ, ನಮ್ಮ ತೆಂಗಿನ ಹೆಡೆ ಅವರ ಹಂಚು ಒಡೆಯುತ್ತದೆ, ನಡುವಿನ ಚರಂಡಿಯನ್ನು ಯಾರು ಬಿಡಿಸಬೇಕು ಎಂಬುದು ತೀರ್ಮಾನವಾಗುವುದೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. 61 ದಿನ ಗಂಡಸರು ಮನೆಯಲ್ಲಿ, ಕೈಯಲ್ಲಿ ದುಡ್ಡಿಲ್ಲ, ಹೊರಗೆ ಹೋಗಲು ಮಳೆ ಬಿಡುವುದಿಲ್ಲ. ಕಾರವಾರ, ಅಂಕೋಲಾ, ಹೊನ್ನಾವರದ ಕೇರಿಗಳಲ್ಲಿ ಸಣ್ಣ ಮಾತು ದೊಡ್ಡದಾಗುವುದು ಈ ದಿನಗಳಲ್ಲೇ. ಘಟ್ಟದ ಮೇಲೆ ಶಿರಸಿಯ ಕಡೆ ಇದೇ ಜಗಳ ತೋಟದ ಬಸಿಗಾಲುವೆಯ ಮೇಲೆ, ಬೇಲಿಯ ಮೇಲೆ ನಡೆಯುತ್ತದೆ. ನೌಕಾನೆಲೆಯ ಸೀಬರ್ಡ್ ಯೋಜನೆಗೆ ಜಾಗ ಬಿಟ್ಟುಕೊಟ್ಟು ಪುನರ್ವಸತಿ ಕಾಲನಿಗೆ ಬಂದವರಿಗಂತೂ ಆಚೆಮನೆಯವರು ಯಾರು ಎಂಬುದನ್ನು ಆರಿಸುವ ಅವಕಾಶವೇ ಇರಲಿಲ್ಲ.

ಚರಂಡಿಯ ಜಗಳ ಒಂದು ಗುದ್ದಲಿ, ಅರ್ಧ ದಿನದಲ್ಲಿ ಮುಗಿಯುವಂಥದ್ದು. ಆದರೂ ಹತ್ತು ವರ್ಷ ಎಳೆಯುತ್ತದೆ. ಯಾಕೆಂದರೆ ಜಗಳದ ನಡುವೆ ಅವರೊಂದು ಮಾತು ಅಂದಿರುತ್ತಾರೆ: "ಮೊದ್ಲು ನಿನ್ನ ಮಗನ್ನ ನೋಡ್ಕೊ." ಕುಡಿದ ಮಗ ರಾತ್ರಿ ಬೇಲಿಯ ಬಾಗಿಲಾದ ದಣಪೆಯ ಹತ್ತಿರ ಬಿದ್ದಿದ್ದನ್ನು ಅವರು ನೋಡಿದ್ದಾರೆ. ಸಾಲದವರು ಬಂದು ಜಗಲಿಯ ಮೇಲೆ ಕೂತದ್ದನ್ನು ನೋಡಿದ್ದಾರೆ. ಗಂಡ ಹೆಂಡತಿಯ ಕೂಗಾಟ ಅವರ ಅಡಿಗೆಮನೆಗೆ ಕೇಳಿದೆ. ಆಚೆಮನೆಯವರು ಅಂದರೆ ನಮ್ಮ ನಾಚಿಕೆಗೆ ಸಾಕ್ಷಿಯಾದವರು. "ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು" ಎಂಬ ಮಾತನ್ನು ಭಾನುವಾರ ಚರ್ಚಿನಲ್ಲಿ ಕೇಳಿ ಬಂದು ಸೋಮವಾರ ಅವರ ಮುಖ ನೋಡಲಾಗದಿರುವುದು ಇದೇ ಕಾರಣಕ್ಕೆ. ಹೀಗಾಗಿ ಮೊದಲು ನಾಚಿಕೆಯನ್ನು ದೇವರ ಮುಂದೆ ಬಿಚ್ಚಬೇಕು, ಆಮೇಲೆ ಬೇಲಿಯ ಹತ್ತಿರ ಹೋಗಬೇಕು. ಈ ಕ್ರಮ ತಿರುಗಿಸಿದರೆ ಕ್ಷಮೆ ಕೇಳಲು ಹೋದವರೇ ಇನ್ನೊಂದು ಜಗಳ ಮಾಡಿ ಬರುತ್ತಾರೆ.

ಮೊದಲು ಒಂದು ಹಾಳೆ

ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಉದ್ದಕ್ಕೆ ಎರಡು ಗೆರೆ ಎಳೆದು ಮೂರು ಸಾಲು ಮಾಡಿಕೊಳ್ಳಿ. ಮೊದಲ ಸಾಲಿನಲ್ಲಿ ನಡೆದದ್ದು, ಎರಡನೆಯದರಲ್ಲಿ ಅವರು ಆಡಿದ ಮಾತು (ಅವರ ಬಾಯಿಂದ ಬಂದ ಹಾಗೆಯೇ, ಬೈಗುಳವಿದ್ದರೆ ಅದನ್ನೂ), ಮೂರನೆಯದರಲ್ಲಿ ಆ ಮಾತು ಎಲ್ಲಿ ತಾಗಿತು ಎಂಬುದು. ಒಂದೇ ರಾತ್ರಿಗೆ ಮುಗಿಸಬೇಡಿ. ಮೊದಲ ರಾತ್ರಿ ಎಲ್ಲರೂ ಮೊದಲೆರಡು ಸಾಲನ್ನೇ ತುಂಬಿಸುತ್ತಾರೆ, ಮೂರನೆಯದು ಖಾಲಿ ಉಳಿಯುತ್ತದೆ. ಮೂರು ರಾತ್ರಿ ಕೂತರೆ ಅಲ್ಲಿ ಒಂದೆರಡು ಪದ ಬೀಳುತ್ತದೆ: "ಸಾಲ", "ಅಪ್ಪನ ಹೆಸರು", "ಮಗಳು ವಾಪಸ್ ಬಂದದ್ದು". ಆ ಪದ ಸಿಕ್ಕಿತೆಂದರೆ ಹಾಳೆಯ ಕೆಲಸ ಆಯಿತು. ಬಚ್ಚಲ ಒಲೆಗೆ ಹಾಕಿಬಿಡಿ. ಇಟ್ಟುಕೊಂಡರೆ ಅದು ಲೆಕ್ಕದ ಪುಸ್ತಕವಾಗುತ್ತದೆ, ಮುಂದಿನ ಜಗಳದ ದಿನ ಹೊರಗೆ ಬರುತ್ತದೆ.

ಬರೆಯುವಾಗ ಸಿಟ್ಟು ಉಕ್ಕಿದರೆ ಹೆದರಬೇಡಿ. ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ ಅಂಥ ಸಿಟ್ಟು ಬೇಕಾದಷ್ಟಿದೆ. 55ನೆಯ ಕೀರ್ತನೆಯವನ ದೂರು ಇದೇ: ಬೈದವನು ವೈರಿಯಾಗಿದ್ದರೆ ತಾಳಿಕೊಳ್ಳುತ್ತಿದ್ದೆ, ಆದರೆ ಬೈದವನು ನೀನು, ನನ್ನ ಜೊತೆಗಾರ, ಒಟ್ಟಿಗೆ ದೇವಾಲಯಕ್ಕೆ ಹೋಗುತ್ತಿದ್ದವನು. ಮಗ್ಗುಲಲ್ಲೇ ಇರುವವರಿಂದ ಪೆಟ್ಟು ತಿಂದವರು ಇದನ್ನು ಗಟ್ಟಿಯಾಗಿ ಓದಬೇಕು. ದೇವರಿಗೆ ಹೇಳಿದ ಬೈಗುಳ ಬೇಲಿಯ ಮೇಲೆ ಚೆಲ್ಲುವುದಿಲ್ಲ.

ಮೂರನೆಯ ಸಾಲಿನ ಪದವನ್ನು ವಿಂಗಡಿಸುವುದು

ಎಲ್ಲ ನಾಚಿಕೆಗೂ ಒಂದೇ ಮದ್ದು ಕೊಡುವುದರಿಂದ ತುಂಬ ಹಾನಿಯಾಗಿದೆ. ಆ ಪದ ಈ ಮೂರರಲ್ಲಿ ಯಾವುದಕ್ಕೆ ಸೇರುತ್ತದೆ ನೋಡಿ: ನಾನು ತಪ್ಪು ಮಾಡಿದ್ದೇನೆ. ತಪ್ಪು ಯಾರದ್ದೂ ಅಲ್ಲ, ಕಷ್ಟ ಬಂದಿದೆ. ಬೇರೆಯವರು ನನಗೆ ತಪ್ಪು ಮಾಡಿದ್ದಾರೆ.

*ತಪ್ಪು ನಮ್ಮದಾಗಿದ್ದರೆ* ದಾರಿ ನೇರವಾಗಿದೆ. ಕಥೋಲಿಕರಿಗೆ ಪಾಪನಿವೇದನೆಯ ಐದು ಮೆಟ್ಟಿಲು ಉಪದೇಶದ ತರಗತಿಯಿಂದಲೇ ಗೊತ್ತು: ಆತ್ಮಶೋಧನೆ, ಪಶ್ಚಾತ್ತಾಪ, ಇನ್ನು ಮಾಡುವುದಿಲ್ಲ ಎಂಬ ನಿರ್ಧಾರ, ನಿವೇದನೆ, ಪ್ರಾಯಶ್ಚಿತ್ತ. ನಮ್ಮಲ್ಲಿ ಕೈತಪ್ಪುವುದು ಮೊದಲನೆಯದು ಮತ್ತು ಕೊನೆಯದು. "ಸಿಟ್ಟು ಮಾಡಿದೆ, ಸುಳ್ಳು ಹೇಳಿದೆ" ಎಂದು ಪಟ್ಟಿ ಒಪ್ಪಿಸಿ ಎದ್ದು ಬಂದರೆ ನಾಚಿಕೆ ಅಲ್ಲೇ ಕೂತಿರುತ್ತದೆ. ಹಾಳೆಯ ಮೂರನೆಯ ಸಾಲಿನ ಪದವನ್ನೇ ಹೇಳಿ: "ಸಂಘದ ದುಡ್ಡು ನನ್ನ ಕೈಯಲ್ಲಿತ್ತು, ಅದರಿಂದ ತೆಗೆದಿದ್ದೇನೆ, ಆಚೆಮನೆಯವರಿಗೆ ಅದು ಗೊತ್ತಾಗಿದೆ." ಪಾಪನಿವೇದನೆ ಕೇಳಿದ ಗುರುಗಳು ಈ ಮಾತನ್ನು ಯಾರಿಗೂ ಹೇಳುವಂತಿಲ್ಲ, ಮಾತಿನಿಂದಲೂ ಇಲ್ಲ, ಸನ್ನೆಯಿಂದಲೂ ಇಲ್ಲ. ಚರ್ಚಿನ ಕಾನೂನಿನ 983ನೆಯ ನಿಯಮ ಅದನ್ನು ಯಾವ ಕಾರಣಕ್ಕೂ ಸಡಿಲಿಸುವುದಿಲ್ಲ. ನಿಮ್ಮ ಊರಿನ ಗುರುಗಳ ಮುಖ ನೋಡಿ ಹೇಳಲು ಆಗದಿದ್ದರೆ ಬೇರೆ ಧರ್ಮಕೇಂದ್ರಕ್ಕೆ ಹೋಗಿ. ಕುಮಟಾದವರು ಹೊನ್ನಾವರಕ್ಕೆ ಹೋದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಪ್ರಾಯಶ್ಚಿತ್ತ ಎಂದರೆ ಮೂರು ಪರಲೋಕ ಮಂತ್ರ ಹೇಳಿ ಮುಗಿಯುವುದಲ್ಲ. ತೆಗೆದದ್ದನ್ನು ತಿರುಗಿ ಕೊಡಬೇಕು. ಸುಂಕದವನಾದ ಜಕ್ಕಾಯ ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದ. ನಾಲ್ಕರಷ್ಟು ನಮ್ಮಿಂದ ಆಗದಿರಬಹುದು, ಆದರೆ ತಿಂಗಳಿಗೆ ಇಷ್ಟು ಎಂದು ಹೇಳಿ, ಹೇಳಿದ ದಿನ ಕೊಡುವುದು ಆಗುತ್ತದೆ. ಆಗದಷ್ಟು ದೊಡ್ಡ ಮೊತ್ತ ಹೇಳಬೇಡಿ. ಎರಡನೇ ತಿಂಗಳೇ ತಪ್ಪಿದರೆ ಹಳೆಯ ನಾಚಿಕೆಯ ಮೇಲೆ ಹೊಸದು ಕೂರುತ್ತದೆ.

ಪ್ರಾಟೆಸ್ಟಂಟ್ ಮತ್ತು ಪೆಂತೆಕೊಸ್ತ್ ಸಭೆಯವರು ಪಾಸ್ಟರ ಹತ್ತಿರವೋ ನಂಬಿಕೆಯ ಹಿರಿಯರೊಬ್ಬರ ಹತ್ತಿರವೋ ಹೇಳಬಹುದು. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿ ಎಂದು ಯಾಕೋಬನ ಪತ್ರ 5:16 ಹೇಳುತ್ತದೆ. ಇಲ್ಲೊಂದು ಎಚ್ಚರ: ಒಬ್ಬರಿಗೆ ಹೇಳಿ, ಕೂಟದಲ್ಲಿ ಹೇಳಬೇಡಿ. ಮನೆಮನೆಯ ಪ್ರಾರ್ಥನಾ ಕೂಟದಲ್ಲಿ "ಆ ಅಕ್ಕನಿಗೋಸ್ಕರ ಸ್ವಲ್ಪ ಪ್ರಾರ್ಥನೆ ಮಾಡಿ, ಅವರ ಮನೇಲಿ ಹೀಗಾಗಿದೆ" ಎಂದು ಶುರುವಾದದ್ದು ಸಂಜೆಯೊಳಗೆ ಮೀನು ಮಾರ್ಕೆಟ್ಟಿನಲ್ಲಿರುತ್ತದೆ. ಪ್ರಾರ್ಥನೆಯ ಹೆಸರಿನಲ್ಲಿ ಇನ್ನೊಬ್ಬರ ಬಟ್ಟೆ ಬಿಚ್ಚುವುದು ಪಾಪವೇ. ಕೂಟ ನಡೆಸುವವರು ಒಂದು ನಿಯಮ ಇಟ್ಟುಕೊಳ್ಳಲಿ: ಯಾರಿಗಾಗಿ ಪ್ರಾರ್ಥನೆಯೋ ಅವರು ಅಲ್ಲಿ ಇಲ್ಲದಿದ್ದರೆ ಹೆಸರು ಸಾಕು, ವಿಷಯ ಬೇಡ.

*ತಪ್ಪು ಯಾರದ್ದೂ ಅಲ್ಲದಿದ್ದರೆ*, ಅಂದರೆ ಮಗನ ಮಾನಸಿಕ ಕಾಯಿಲೆ, ಮಗಳಿಗೆ ಮದುವೆಯಾಗದಿರುವುದು, ಮಕ್ಕಳಿಲ್ಲದಿರುವುದು, ಬೋಟು ಮುಳುಗಿ ಬಂದ ಬಡತನ, ಇದಕ್ಕೆ ಪಾಪನಿವೇದನೆ ಮದ್ದಲ್ಲ. ಇಲ್ಲದ ಪಾಪವನ್ನು ಹುಡುಕಿ ಒಪ್ಪಿಕೊಂಡರೆ ನಾಚಿಕೆ ಬಲಿಯುತ್ತದೆ. ಹುಟ್ಟುಕುರುಡನನ್ನು ತೋರಿಸಿ ಇದು ಯಾರ ಪಾಪ, ಇವನದೋ ತಂದೆತಾಯಿಯದೋ ಎಂದು ಶಿಷ್ಯರು ಕೇಳಿದಾಗ, ಇಬ್ಬರದ್ದೂ ಅಲ್ಲ ಎಂದು ಯೇಸು ನೇರವಾಗಿಯೇ ಹೇಳಿದರು (ಯೋಹಾನ 9:3). ಆ ಪ್ರಶ್ನೆ ನಮ್ಮ ಕೇರಿಗಳಲ್ಲಿ ಇವತ್ತಿಗೂ ಕೇಳುತ್ತಾರೆ. ಉತ್ತರವನ್ನು ಬಾಯಿಪಾಠ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಇಲ್ಲಿ ಬೇಕಾಗುವುದು ಮತ್ತೆ ಜನರ ನಡುವೆ ಓಡಾಡುವ ಅಭ್ಯಾಸ. ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದ ಸಮಾರ್ಯದ ಹೆಂಗಸು ನಡುಮಧ್ಯಾಹ್ನ ಬಾವಿಗೆ ಬಂದಳು. ಯಾಕೆ ಆ ಹೊತ್ತಿಗೆ ಎಂದು ಸುವಾರ್ತೆ ಹೇಳುವುದಿಲ್ಲ. ಬೆಳಗಿನ ಬಾವಿಕಟ್ಟೆಯನ್ನು ಬಲ್ಲ ಹೆಂಗಸರಿಗೆ ಹೇಳಬೇಕಾಗಿಯೂ ಇಲ್ಲ. ಯೇಸು ಅವಳ ಐದು ಗಂಡಂದಿರ ವಿಷಯ ಎತ್ತಿದರು, ಬೈಯಲಿಲ್ಲ, ಮಾತು ನಿಲ್ಲಿಸಲೂ ಇಲ್ಲ. ಕೊನೆಗೆ ಅವಳು ಕೊಡವನ್ನು ಅಲ್ಲೇ ಬಿಟ್ಟು ಯಾವ ಊರಿನವರ ಕಣ್ಣು ತಪ್ಪಿಸಿ ಬಂದಿದ್ದಳು ಎನ್ನಿಸುತ್ತದೋ ಅದೇ ಊರಿಗೆ ಓಡಿ, ನಾನು ಮಾಡಿದ್ದನ್ನೆಲ್ಲ ಹೇಳಿದ ಒಬ್ಬರಿದ್ದಾರೆ, ಬನ್ನಿ ಎಂದಳು. ಅಡಗಿಸಿದ್ದ ಸಂಗತಿಯೇ ಅವಳ ಬಾಯಿಂದ ಮೊದಲ ಮಾತಾಗಿ ಬಂತು.

ಅಷ್ಟು ದೂರ ಒಂದೇ ದಿನಕ್ಕೆ ಓಡಬೇಕಿಲ್ಲ. ಮೊದಲ ವಾರ ಬೆಳಗಿನ ಪೂಜೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ಎರಡನೇ ವಾರ ದೂರದ ಅಂಗಡಿ ಬಿಟ್ಟು ಹತ್ತಿರದ ಅಂಗಡಿಗೇ ಹೋಗಿ. ಮೂರನೇ ವಾರ ಪೂಜೆ ಮುಗಿದ ಮೇಲೆ ಓಡಿ ಬರದೆ ಅಂಗಳದಲ್ಲಿ ಐದು ನಿಮಿಷ ನಿಲ್ಲಿ. ಹೊರಡುವ ಮೊದಲು ಒಂದು ಉತ್ತರ ಸಿದ್ಧವಿರಲಿ, ಎರಡು ವಾಕ್ಯಕ್ಕಿಂತ ಉದ್ದ ಬೇಡ: "ಹೌದು ಅಕ್ಕ, ಮಗ ಔಷಧಿ ತಗೊಳ್ತಾ ಇದ್ದಾನೆ. ಸ್ವಲ್ಪ ಪರವಾಗಿಲ್ಲ." ಕೇಳುವವರಿಗೆ ಕುತೂಹಲ ಇರುವುದು ಮುಚ್ಚಿಟ್ಟದ್ದರ ಮೇಲೆ. ಶಾಂತವಾಗಿ ಹೇಳಿಬಿಟ್ಟದ್ದನ್ನು ಎರಡನೇ ಸಲ ಯಾರೂ ಕೆದಕುವುದಿಲ್ಲ.

ಸಾಲದ ಅವಮಾನ ಈ ಎರಡರ ನಡುವೆ ನಿಲ್ಲುತ್ತದೆ. ಸಾಲ ತೀರಿಸುವ ಹೊಣೆ ನಮ್ಮದೇ. ಆದರೆ ಮನೆಮುಂದೆ ಕೂತು ಆಚೀಚೆಯವರ ಎದುರು ಹಂಗಿಸುವ ಹಕ್ಕು ಸಾಲ ಕೊಟ್ಟವರಿಗಿಲ್ಲ. ಮೈಕ್ರೋ ಫೈನಾನ್ಸ್ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ 2025ರಲ್ಲಿ ಕಾನೂನನ್ನೇ ತಂದಿದೆ, ಬಲವಂತದ ವಸೂಲಿ ಶಿಕ್ಷಾರ್ಹ ಅಪರಾಧ. ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಿ. ದೂರು ಕೊಡುವುದು ಸಾಲ ತಪ್ಪಿಸಿಕೊಂಡ ಹಾಗಲ್ಲ.

*ಬೇರೆಯವರು ಮಾಡಿದ ತಪ್ಪಿನ ನಾಚಿಕೆ* ನಿಮ್ಮದಲ್ಲವೇ ಅಲ್ಲ. ದಾವೀದನ ಮಗಳು ತಾಮಾರಳ ಮೇಲೆ ಅಣ್ಣನೇ ಅತ್ಯಾಚಾರ ಮಾಡಿದ. ಈ ನಾಚಿಕೆ ಹೊತ್ತು ನಾನು ಎಲ್ಲಿಗೆ ಹೋಗಲಿ ಎಂದು ಅವಳು ಅದಕ್ಕೆ ಮೊದಲೇ ಬೇಡಿಕೊಂಡಿದ್ದಳು. ಇನ್ನೊಬ್ಬ ಅಣ್ಣ ಸುಮ್ಮನಿರು ಎಂದ. ಅಪ್ಪ ಸಿಟ್ಟಾದನೇ ಹೊರತು ಏನೂ ಮಾಡಲಿಲ್ಲ. ಎರಡು ವರ್ಷದ ನಂತರ ಆ ಮನೆಯಲ್ಲಿ ಕೊಲೆ ನಡೆಯಿತು (2 ಸಮುವೇಲ 13). ಮರ್ಯಾದೆ ಉಳಿಸಲು ಸುಮ್ಮನಿರು ಎನ್ನುವ ಪ್ರತಿಯೊಬ್ಬ ಹಿರಿಯರೂ ಆ ಅಧ್ಯಾಯವನ್ನು ಪೂರ್ತಿ ಓದಬೇಕು. ಹೊಡೆತ, ಲೈಂಗಿಕ ಕಿರುಕುಳ, ಜೀವಬೆದರಿಕೆ ಇದ್ದಲ್ಲಿ ಈ ಲೇಖನದ ಮುಂದಿನ ಹೆಜ್ಜೆಗಳು ಅನ್ವಯಿಸುವುದಿಲ್ಲ. ಅಲ್ಲಿ ಮೊದಲ ಹೆಜ್ಜೆ ಸುರಕ್ಷಿತ ಜಾಗ. ತುರ್ತಿಗೆ 112, ಹೆಂಗಸರಿಗೆ 181, ಮಕ್ಕಳಿಗೆ 1098. ಕ್ಷಮಿಸುವುದೂ ದೂರು ಕೊಡುವುದೂ ಒಂದೇ ಮನಸ್ಸಿನಲ್ಲಿ ಇರಬಹುದು, ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಿಲ್ಲ. ನಾಚಿಕೆಯಿಂದ ಬದುಕೇ ಬೇಡ ಎನ್ನಿಸತೊಡಗಿದರೆ 14416ಕ್ಕೆ ಕರೆ ಮಾಡಿ. ಸರ್ಕಾರದ ಟೆಲಿ ಮಾನಸ್ ಸೇವೆ, ಹಗಲೂ ರಾತ್ರಿಯೂ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಗುರುಗಳಿಗೆ ಹೇಳಿದ್ದೇವಲ್ಲ ಎಂದು ಈ ಕರೆ ಬಿಡಬೇಡಿ.

ಈ ಮೂರಕ್ಕೂ ಬುಡದಲ್ಲಿರುವ ನಂಬಿಕೆ ಒಂದೇ. ಏದೆನ್ ತೋಟದಲ್ಲಿ ಮನುಷ್ಯ ಅಡಗಿ ಕೂತಾಗ ಎಲ್ಲಿದ್ದೀ ಎಂದು ಹುಡುಕಿಕೊಂಡು ಬಂದವರು ದೇವರು. ಅಂಜೂರದ ಎಲೆ ಸಾಲದೆಂದು ತೊಗಲಿನ ಅಂಗಿ ಮಾಡಿ ಉಡಿಸಿದವರೂ ಅವರೇ. ಹಾಗೆ ಉಡಿಸಿದವರ ಮಗನನ್ನು ರೋಮಿನವರು ಬಟ್ಟೆ ಕಿತ್ತು, ಹೋಗಿಬರುವವರು ನೋಡುವಲ್ಲಿ ಶಿಲುಬೆಗೆ ಹಾಕಿದರು. ಶಿಲುಬೆ ನೋವಿನ ಶಿಕ್ಷೆ ಎಂಬುದು ನಮಗೆ ನೆನಪಿದೆ, ನಾಚಿಕೆಯ ಶಿಕ್ಷೆ ಎಂಬುದು ಮರೆತಿದೆ. ಬಾಜೂಮನೆಯವರು ಕಂಡದ್ದು ಏನೇ ಇರಲಿ, ಅದಕ್ಕಿಂತ ಹೆಚ್ಚಿನದನ್ನು ಕ್ರಿಸ್ತರು ಮೈಮೇಲೆ ಹೊತ್ತಿದ್ದಾರೆ.

ಮೂವತ್ತು ದಿನದ ಪ್ರಾರ್ಥನೆ

ಲೂಕ 6:27-28ರಲ್ಲಿ ವೈರಿಗಳ ಬಗ್ಗೆ ನಾಲ್ಕು ಕೆಲಸ ಹೇಳಿದೆ: ಪ್ರೀತಿಸಿ, ಒಳ್ಳೆಯದು ಮಾಡಿ, ಆಶೀರ್ವದಿಸಿ, ಪ್ರಾರ್ಥಿಸಿ. ಮೊದಲನೆಯದರಿಂದ ಶುರುಮಾಡಲು ಹೋಗಿ ಸೋಲುವವರೇ ಹೆಚ್ಚು. ಕೊನೆಯದರಿಂದ ಹಿಂದಕ್ಕೆ ಬನ್ನಿ. ದಿನಕ್ಕೆ ಎರಡು ನಿಮಿಷ, ಮೂವತ್ತು ದಿನ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಾದರೆ ನಲವತ್ತು ದಿನವೂ ಆಗುತ್ತದೆ. ಮನೆಯವರ ಒಬ್ಬೊಬ್ಬರ ಹೆಸರು ಹೇಳಿ ಅವರಿಗೆ ಬೇಕಾದದ್ದನ್ನು ಕೇಳಿ: ಅವರ ಅಮ್ಮನ ಮೊಣಕಾಲು ನೋವು, ಮಗನ ಪರೀಕ್ಷೆ, ಬಲೆಗೆ ಬಂಗಡೆ. "ದೇವರೇ, ಅವರಿಗೆ ಬುದ್ಧಿ ಕೊಡು" ಎಂಬ ಪ್ರಾರ್ಥನೆ ಬೇಡ. ಅದು ಕೈಮುಗಿದು ಮಾಡುವ ಜಗಳ. ಅವರಿಗೆ ಏನು ಬೇಕು ಎಂದು ಗೊತ್ತೇ ಇಲ್ಲದಿದ್ದರೆ ಮೊದಲ ವಾರ ಅದನ್ನು ಗಮನಿಸುವುದೇ ಕೆಲಸ. ಹತ್ತು ವರ್ಷದಿಂದ ಅವರ ತಪ್ಪುಗಳಷ್ಟೇ ಕಣ್ಣಿಗೆ ಬಿದ್ದಿವೆ ಎಂಬುದು ಆಗ ತಿಳಿಯುತ್ತದೆ.

ಹತ್ತನೇ ದಿನದ ಸುಮಾರಿಗೆ ಬೇಸರ ಬರುತ್ತದೆ, ಅವರು ಇನ್ನೊಂದು ಕಿತಾಪತಿ ಮಾಡಿರುತ್ತಾರೆ. ಆ ದಿನ ಪ್ರಾರ್ಥನೆಯನ್ನು ಒಂದು ವಾಕ್ಯಕ್ಕೆ ಇಳಿಸಿ, ನಿಲ್ಲಿಸಬೇಡಿ.

ಒಳ್ಳೆಯದು ಮಾಡುವುದಕ್ಕೂ ಒಂದು ಅಳತೆ

ಒಳ್ಳೆಯ ಸಮಾರ್ಯದವನ ಕತೆಯನ್ನು ನಿಧಾನವಾಗಿ ಓದಿದರೆ ಲೆಕ್ಕ ಕಾಣುತ್ತದೆ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ಒಂಟಿ ದಾರಿ ಅದು, ಸುಮಾರು ಸಾವಿರ ಮೀಟರ್ ಇಳಿಜಾರು. ದೇವಿಮನೆ ಘಟ್ಟವನ್ನು ವಾಹನಗಳಿಲ್ಲದ ಕಾಲದಲ್ಲಿ ಒಬ್ಬರೇ ಇಳಿಯುವುದನ್ನು ಊಹಿಸಿಕೊಳ್ಳಿ. ಕಳ್ಳರು ಹೊಡೆದು ಬಿಟ್ಟುಹೋದ ಒಬ್ಬನ ಗಾಯಕ್ಕೆ ಆ ಸಮಾರ್ಯದವನು ಎಣ್ಣೆ, ದ್ರಾಕ್ಷಾರಸ ಹಾಕಿದ, ಪಟ್ಟಿ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿಕೊಂಡು ಛತ್ರಕ್ಕೆ ತಂದ, ಆ ರಾತ್ರಿ ನೋಡಿಕೊಂಡ. ಮರುದಿನ ಎರಡು ದಿನಾರಿ, ಅಂದರೆ ಎರಡು ದಿನದ ಕೂಲಿ, ಛತ್ರದವನಿಗೆ ಕೊಟ್ಟು ತನ್ನ ದಾರಿ ಹಿಡಿದ. ಹೆಚ್ಚು ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ ಎಂದ. ಪ್ರಯಾಣ ಬಿಡಲಿಲ್ಲ, ಮನೆ ಮಾರಲಿಲ್ಲ, ಉಳಿದ ಆರೈಕೆಯನ್ನು ಇನ್ನೊಬ್ಬನ ಕೈಗೆ ಒಪ್ಪಿಸಿದ. ಕಷ್ಟದ ನೆರೆಯವರನ್ನು ಪ್ರೀತಿಸುವುದೆಂದರೆ ಅವರು ಕೇಳಿದ್ದನ್ನೆಲ್ಲ ಕೊಡುವುದು ಎಂದುಕೊಂಡವರಿಗೆ ಈ ಎರಡು ದಿನಾರಿ ನೆನಪಿರಲಿ. ಪ್ರತಿ ತಿಂಗಳೂ ಸಾಲ ಕೇಳಿ ಕುಡಿಯುವವರಿಗೆ ಮಕ್ಕಳ ಹೆಸರಿನಲ್ಲಿ ಅಕ್ಕಿ ಕೊಡಿ, ದುಡ್ಡು ಬೇಡ.

ಶುರುವಿಗೆ ಕೊಡುವುದು ಸಣ್ಣದಾಗಿರಲಿ. ನಾಲ್ಕು ಮುರುಗಲು ಹಣ್ಣು, ಒಂದು ಕಟ್ಟು ಬಸಳೆ, ತಾಜಾ ಮೀನು ಸಿಕ್ಕ ದಿನ ಒಂದು ಪಾಲು. ಶಿರಸಿಯ ಕಡೆ ಹವ್ಯಕರ ಮನೆಗೆ ಅಡಿಗೆ ಮಾಡಿದ್ದಕ್ಕಿಂತ ಹಣ್ಣು ತರಕಾರಿ ಒಳ್ಳೆಯದು. ಕ್ರಿಸ್‌ಮಸ್ಸಿಗೆ ಹಂಚುವ ತಿಂಡಿಗಳಾದ ಕುಸ್ವಾರದಲ್ಲಿ ಮೊಟ್ಟೆ ಹಾಕಿದ ಕೇಕಿದ್ದರೆ ಅದನ್ನು ತೆಗೆದಿಟ್ಟು ಬಾಳೆಹಣ್ಣು ಸೇರಿಸಿ. ಅವರ ನಿಯಮಕ್ಕೆ ಗೌರವ ಕೊಡುವುದೂ ಉಡುಗೊರೆಯ ಭಾಗವೇ. ದೊಡ್ಡ ಉಡುಗೊರೆ ಕೊಟ್ಟರೆ ಅವರಿಗೆ ತಿರುಗಿ ಕೊಡಲಾಗದ ನಾಚಿಕೆ ಹುಟ್ಟುತ್ತದೆ, ಸಿಟ್ಟು ಇನ್ನೂ ಹೆಚ್ಚಾಗುತ್ತದೆ. ಅವರ ಕಡೆಯಿಂದ ಪಾತ್ರೆ ಬಂದರೆ ಬರಿದಾಗಿ ಕಳಿಸಬೇಡಿ, ಒಂದು ಹಿಡಿ ಸಕ್ಕರೆಯಾದರೂ ಇರಲಿ. ನಮ್ಮ ಅಜ್ಜಿಯರ ಪದ್ಧತಿ ಇದು, ಮಾತು ಬಿಟ್ಟ ಮನೆಗಳ ನಡುವೆ ಪಾತ್ರೆ ಎಷ್ಟೋ ವರ್ಷ ಮಾತಾಡುತ್ತದೆ.

ದಣಪೆಯ ಹತ್ತಿರ

"ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು" ಎಂಬ ಮಾತು ಮತ್ತಾಯ 5:23-24ರಲ್ಲಿದೆ. ಗಮನಿಸಿ, ನಮಗೆ ಅವರ ಮೇಲೆ ಇರುವುದರ ಮಾತೇ ಅಲ್ಲಿಲ್ಲ. ಈ ಮಾತು ಹೇಳಿದ್ದು ಗಲಿಲಾಯದಲ್ಲಿ, ಕಾಣಿಕೆಯ ಪೀಠವಿದ್ದದ್ದು ಯೆರೂಸಲೇಮಿನಲ್ಲಿ, ನಡುವೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಕಾರವಾರದಿಂದ ಶಿರಸಿಗೆ ನಡೆದು ಹೋಗಿ, ಪೀಠದ ಎದುರು ನೆನಪಾಗಿ, ತಿರುಗಿ ನಡೆದು ಬಂದ ಹಾಗೆ. ನಮಗೆ ಇರುವುದು ಹತ್ತು ಹೆಜ್ಜೆ.

ಹೊತ್ತು ಆರಿಸಿಕೊಳ್ಳಿ. ಬೆಳಿಗ್ಗೆ ಹತ್ತರ ನಂತರ ಒಳ್ಳೆಯದು, ಸಂಜೆ ಕುಡಿತದ ಹೊತ್ತು ಬೇಡ. ಪೂಜೆ ಮುಗಿಸಿ ಹೊಸ ಬಟ್ಟೆಯಲ್ಲೇ ಹೋಗಬೇಡಿ, ಪ್ರಸಂಗ ಕೇಳಿ ಬಂದ ಬಿಸಿಯಲ್ಲಿ ಬಂದಿದ್ದಾರೆ ಎನಿಸುತ್ತದೆ. ಅವರೂ ನಿಮ್ಮ ಚರ್ಚಿನವರೇ ಆಗಿದ್ದರೆ, ಬಲಿಪೂಜೆಯಲ್ಲಿ ಶಾಂತಿ ಹಂಚಿಕೊಳ್ಳುವ ಆ ಹತ್ತು ಸೆಕೆಂಡಿನಲ್ಲಿ ರಾಜಿ ಮಾಡಿಕೊಳ್ಳಲು ಹೋಗಬೇಡಿ. ನಾಲ್ಕು ಜನರ ಎದುರು ಕೈ ಚಾಚಿದರೆ ಅವರಿಗೆ ಬೇರೆ ದಾರಿ ಇರುವುದಿಲ್ಲ, ಒತ್ತಾಯದ ಕೈ ಮನೆಗೆ ಬಂದ ಮೇಲೆ ಮುಷ್ಟಿಯಾಗುತ್ತದೆ. ಮೊದಲು ಬೇಲಿಯ ಹತ್ತಿರ, ಆಮೇಲೆ ಪೂಜೆಯಲ್ಲಿ.

ಒಬ್ಬರೇ ಹೋಗಿ. ದಣಪೆ ದಾಟಿ ಒಳಗೆ ನುಗ್ಗಬೇಡಿ, ಹೊರಗೇ ನಿಂತು ಕರೆಯಿರಿ: "ನಾಯ್ಕರೇ, ಎರಡು ನಿಮಿಷ ಇದ್ಯಾ? ಒಂದು ಮಾತಿತ್ತು." ಹೇಳಬೇಕಾದದ್ದು ಮೂರು ವಾಕ್ಯ: "ಮೊನ್ನೆ ನಾನು ಕೂಗಾಡಿದ್ದು ತಪ್ಪು. ಮಕ್ಕಳ ಎದುರಿಗೆ ನಿಮಗೆ ಅವಮಾನ ಆಯ್ತು. ಅದಕ್ಕೆ ಕ್ಷಮೆ ಕೇಳೋಕೆ ಬಂದೆ." ಮಾಡಿದ್ದು ಏನು, ಅವರಿಗೆ ಆದದ್ದು ಏನು, ಬಂದದ್ದು ಯಾಕೆ. ಇದಾದ ಮೇಲೆ ಬಾಯಿಗೆ ಬರುವ ಮೊದಲ ಪದ "ಆದ್ರೆ". ಅದನ್ನು ನುಂಗಿ. "ನಿಮಗೆ ಬೇಜಾರಾಗಿದ್ರೆ ಕ್ಷಮಿಸಿ" ಎಂಬುದೂ ಬೇಡ, ಅದರಲ್ಲಿ ತಪ್ಪು ಅವರ ಬೇಜಾರಿನದ್ದಾಗುತ್ತದೆ. ಮನೆಯಲ್ಲಿ ಕೊಂಕಣಿ ಆಡುವವರು ಕನ್ನಡದ ಈ ಮೂರು ವಾಕ್ಯವನ್ನು ಎರಡು ಸಲ ಗಟ್ಟಿಯಾಗಿ ಹೇಳಿ ನೋಡಿಕೊಂಡು ಹೋಗುವುದು ಒಳ್ಳೆಯದು, ಪದ ಸಿಗದಾಗ ದನಿ ಏರುತ್ತದೆ.

ಚರಂಡಿಯ ಮಾತು ಅದೇ ದಿನ ಎತ್ತಬೇಡಿ. ಕ್ಷಮೆಯ ಜೊತೆ ಬೇಡಿಕೆ ಇಟ್ಟರೆ ಕ್ಷಮೆ ಬೆಲೆಯಾಗುತ್ತದೆ. ಒಂದು ವಾರ ಬಿಟ್ಟು ಕೇಳಿ, ಸಾಧ್ಯವಾದರೆ ಮೇ ತಿಂಗಳಲ್ಲಿ, ನೆಲ ಒಣಗಿರುವಾಗ: "ಮಳೆ ಬರೋದ್ರೊಳಗೆ ಚರಂಡಿ ಬಿಡಿಸೋಣ್ವಾ? ನಾನು ಈ ತುದಿಯಿಂದ ಬರ್ತೇನೆ."

ಕ್ಷಮೆ ಕೇಳಿದಾಗ ಅವರು ಬೈಯಬಹುದು. ಹತ್ತು ವರ್ಷದ ಮಾತು ಒಳಗಿದೆ, ಹೊರಗೆ ಬರಲಿ. ಅವರು ಮತ್ತೆ ನಿಮ್ಮ ಮಗನ ಮಾತು ಎತ್ತಿದರೆ, ಹಾಳೆಯ ಮೂರನೆಯ ಸಾಲನ್ನು ಆಗಲೇ ದೇವರ ಮುಂದೆ ಇಟ್ಟವರಿಗೆ ಅದು ಮೊದಲಿನ ಹಾಗೆ ಚುಚ್ಚುವುದಿಲ್ಲ. "ಹೌದು, ಅವನ ಕುಡಿತದಿಂದ ನಮಗೂ ಕಷ್ಟ ಇದೆ" ಎನ್ನಲು ಸಾಧ್ಯವಾದರೆ ಅವರ ಕೈಯಲ್ಲಿದ್ದ ಕಲ್ಲು ಅಲ್ಲೇ ಬೀಳುತ್ತದೆ.

ಅವರು ಒಪ್ಪದಿದ್ದರೆ

ಮತ್ತಾಯ 18:15-17ರ ಕ್ರಮ: ಮೊದಲು ಇಬ್ಬರೇ, ಆಮೇಲೆ ಒಂದಿಬ್ಬರು ಸಾಕ್ಷಿ, ಆಮೇಲೆ ಸಭೆ. ನಮ್ಮಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ: ಮೊದಲು ವಾಟ್ಸಾಪ್ ಗುಂಪು, ಆಮೇಲೆ ನೆಂಟರು, ಆ ಮನುಷ್ಯನಿಗೆ ಕೊನೆಗೆ. ಸಾಕ್ಷಿಗೆ ನಿಮ್ಮ ಕಡೆಯವರನ್ನು ಕರೆಯಬೇಡಿ, ಅವರು ಮರ್ಯಾದೆ ಕೊಡುವವರನ್ನು ಕರೆಯಿರಿ. ಅವರು ಕ್ರೈಸ್ತರಲ್ಲದಿದ್ದರೆ ಅವರ ಸಮಾಜದ ಹಿರಿಯರನ್ನೇ ಕೇಳಿಕೊಳ್ಳಿ.

ಗಡಿಯ ಜಗಳವಾದರೆ ಪ್ರಾರ್ಥನೆಯ ಜೊತೆ ಸರ್ವೆಯೂ ಬೇಕು. ಹದ್ದುಬಸ್ತಿಗೆ ಅರ್ಜಿ ಹಾಕಿ, ಭೂಮಾಪಕರು ಬರುವ ದಿನವನ್ನು ಅವರಿಗೆ ನೀವೇ ಹೋಗಿ ತಿಳಿಸಿ. ನೋಟಿಸಿನಿಂದ ತಿಳಿದರೆ ಅದು ಯುದ್ಧದ ಘೋಷಣೆಯಾಗುತ್ತದೆ. ಅಳತೆಯಲ್ಲಿ ನಿಮಗೆ ಒಂದು ಅಡಿ ಕಡಿಮೆ ಬಂದರೆ ಅದನ್ನು ಒಪ್ಪಿಕೊಳ್ಳುವುದೆಂದು ಅರ್ಜಿ ಹಾಕುವ ಮೊದಲೇ ಮನೆಯವರೆಲ್ಲ ಮಾತಾಡಿಕೊಳ್ಳಿ. ಆಗಲೂ ಬಗೆಹರಿಯದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿ, ಲೋಕ ಅದಾಲತ್ ಇವೆ.

ರೋಮಾಪುರದವರಿಗೆ ಬರೆದ ಪತ್ರದ 12:18ರಲ್ಲಿ ಪೌಲ ಎರಡು ಷರತ್ತು ಇಟ್ಟಿದ್ದಾನೆ: "ಸಾಧ್ಯವಾದರೆ" ಮತ್ತು "ನಿಮ್ಮಿಂದಾಗುವ ಮಟ್ಟಿಗೆ". ನಿಮ್ಮಿಂದಾಗುವುದು ಮುಗಿದಿದ್ದರೆ ಅವರು ಮಾತಾಡದಿರುವುದಕ್ಕೆ ನೀವು ಹೊಣೆಯಲ್ಲ. ಎದುರು ಸಿಕ್ಕಾಗ ತಲೆಯಾಡಿಸಿ, ಅವರ ಮನೆಯಲ್ಲಿ ಸಾವಾದರೆ ಹೋಗಿ, ಬಾವಿಯ ಹಗ್ಗ ಕೇಳಿದರೆ ಕೊಡಿ.

ನಾಚಿಕೆ ಅವರ ಮನೆಗೆ ಬಂದಾಗ

ಒಂದು ದಿನ ಪೊಲೀಸ್ ಜೀಪು ಅವರ ಮನೆಮುಂದೆ ನಿಲ್ಲಬಹುದು. ಆಗ ಮಾಡಬೇಕಾದದ್ದು ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯದಲ್ಲಿದೆ, ಕಡಲತೀರದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಪೇತ್ರ ಇದ್ದಲಿನ ಬೆಂಕಿಯ ಹತ್ತಿರ ಚಳಿ ಕಾಯಿಸುತ್ತ ಯೇಸುವನ್ನು ಮೂರು ಸಲ ಅರಿಯೆ ಎಂದಿದ್ದ. ಈಗ ರಾತ್ರಿಯಿಡೀ ಬಲೆ ಬೀಸಿ ಏನೂ ಸಿಗದೆ ಬೆಳಗಾಗಿದೆ. ದಡದಲ್ಲಿ ಮತ್ತೆ ಇದ್ದಲಿನ ಬೆಂಕಿ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಯೇಸು ಕರೆದದ್ದು "ಬನ್ನಿ, ಊಟ ಮಾಡಿ" ಎಂದು. ಎಲ್ಲರೂ ಉಂಡು ಮುಗಿಸುವವರೆಗೆ ಪೇತ್ರ ಅರಿಯೆ ಎಂದ ರಾತ್ರಿಯ ಮಾತು ಎತ್ತಲಿಲ್ಲ. ಆಮೇಲೆ ಮೂರು ಸಲ "ನನ್ನನ್ನು ಪ್ರೀತಿಸುತ್ತೀಯಾ" ಎಂಬ ಪ್ರಶ್ನೆ, ಪ್ರತಿ ಸಲವೂ ಒಂದು ಕೆಲಸ: ನನ್ನ ಕುರಿಗಳನ್ನು ಮೇಯಿಸು.

ಮೊದಲ ದಿನ ಗಂಜಿ ಮತ್ತು ಮೀನಿನ ಸಾರು ಕೊಂಡುಹೋಗಿ, ಏನಾಯ್ತು ಎಂದು ಕೇಳದೆ ಕೊಟ್ಟು ಬನ್ನಿ. ಅವರ ಮಕ್ಕಳು ನಿಮ್ಮ ಮಕ್ಕಳ ಜೊತೆ ಶಾಲೆಗೆ ಹೋಗುವುದು ನಿಲ್ಲದಿರಲಿ. ಮಾತು ಅವರಾಗಿ ಎತ್ತುವವರೆಗೆ ಕಾಯಿರಿ, ಎತ್ತಿದರೆ ಕೇಳಿಸಿಕೊಳ್ಳಿ, ಯಾರಿಗೂ ದಾಟಿಸಬೇಡಿ. ವಾರ ಎರಡು ವಾರ ಕಳೆದ ಮೇಲೆ ಆ ಮನೆಯ ಗಂಡಸು ಜಗಲಿಯಿಂದ ಇಳಿಯದೆ ಕೂತಿದ್ದರೆ ಒಂದು ಕೆಲಸ ಕೇಳಿಕೊಂಡು ಹೋಗಿ: "ಅಣ್ಣ, ನಾಳೆ ಬಲೆ ರಿಪೇರಿಗೆ ಒಬ್ರು ಕಮ್ಮಿ ಇದ್ದಾರೆ. ನಿಮ್ಮ ಹಾಗೆ ಗಂಟು ಹಾಕೋರು ಯಾರೂ ಇಲ್ಲ. ಬೆಳಿಗ್ಗೆ ಏಳಕ್ಕೆ ಬರ್ತೀರಾ?"